ಅವರು ಹೇಗಿದ್ದಾರೆ ಸರಿ, ನೀವು ಹೇಗಿದ್ದೀರಿ?

ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದವರ ಕೇಸ್ ಷೀಟಿನಲ್ಲಿ ಸಾಮಾನ್ಯವಾಗಿ ಒಂದು ಅಂಕಿ ಬರೆದಿರುತ್ತಾರೆ. 3ರಿಂದ 15ರವರೆಗೆ ಎಷ್ಟಾದರೂ ಇರಬಹುದು. ಕಣ್ಣು ತೆರೆಯುತ್ತಾರೆಯೇ, ಮಾತಾಡುತ್ತಾರೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾರೆಯೇ ಎಂದು ನೋಡಿ ಹಾಕುವ ಅಂಕಿ ಅದು. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಡಾಕ್ಟರುಗಳು 1974ರಲ್ಲಿ ಹೇಳಿಕೊಟ್ಟ ಲೆಕ್ಕ. ಅಂಕಿ ಏರಿದರೆ ಮನೆಮಂದಿಗೆಲ್ಲ ಸಮಾಧಾನ. ಆದರೆ ಪಕ್ಕದ ಸ್ಟೂಲಿನ ಮೇಲೆ, ಫ್ಲಾಸ್ಕಿನ ಕಾಫಿ ಆರಿದ್ದೂ ತಿಳಿಯದೆ ಕೂತಿರುವ ಹೆಂಡತಿಗೋ ತಾಯಿಗೋ ಎಷ್ಟು ಅಂಕಿ?

ಇದನ್ನೂ ಕೇಳಿದವರಿದ್ದಾರೆ, ಅದೂ ಅದೇ ಗ್ಲಾಸ್ಗೋದಲ್ಲಿ. ನೀಲ್ ಬ್ರೂಕ್ಸ್ ಮತ್ತು ಸಂಗಡಿಗರು ತಲೆಗೆ ಭಾರಿ ಪೆಟ್ಟಾದವರ ಮನೆಯವರನ್ನು ಮಾತಾಡಿಸಿ 1986ರಲ್ಲಿ ಬರೆದರು. ಒಂದು ವರ್ಷವಾದಾಗ ಮನೆಯವರ ಮೇಲಿದ್ದ ಭಾರ ಐದು ವರ್ಷವಾದಾಗ ಇಳಿದಿರಲಿಲ್ಲ, ಇನ್ನೂ ಹೆಚ್ಚಿತ್ತು! "ದಿನ ಕಳೆದ ಹಾಗೆ ಎಲ್ಲ ಒಗ್ಗಿಹೋಗುತ್ತೆ ಬಿಡಮ್ಮ" ಅನ್ನುವ ನೆಂಟರಿಗೆ ಇದನ್ನು ಓದಿ ಹೇಳಬೇಕು.

ಭಾರ ಅಂದರೆ ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು ಅಷ್ಟೇ ಅಂದುಕೊಂಡಿರಾ? ಅವರನ್ನು ಹೆಚ್ಚು ಬಳಲಿಸಿದ್ದು ಬದಲಾದ ಸ್ವಭಾವ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಸಿಟ್ಟಿಗೆ ಕಡಿವಾಣ ಹಾಕುವ ಶಕ್ತಿಯೇ ಕುಂದಬಹುದು. ಮೆಲುದನಿಯ ಮನುಷ್ಯ ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ತಟ್ಟೆ ಎಸೆಯುತ್ತಾನೆ. ಇಲ್ಲವೇ ಏನೂ ಬೇಡವೆಂದು ಗೋಡೆ ನೋಡುತ್ತಾ ಕೂರುತ್ತಾನೆ. ಹೊರಗಿನವರ ಕಣ್ಣಿಗೆ ಗಾಯ ಮಾಯ್ದಿದೆ, ಓಡಾಡಿಕೊಂಡಿದ್ದಾರೆ, ಇನ್ನೇನು? ಹೆಂಡತಿಗೆ ಮಾತ್ರ ಗೊತ್ತು, ಮನೆಗೆ ಬಂದವರು ಮೊದಲಿನವರಲ್ಲ ಅಂತ. ಬೇಕೆಂದು ಮಾಡುವ ಹಟ ಇದಲ್ಲ, ಪೆಟ್ಟಿನ ಫಲ ಎಂದು ತಿಳಿದ ಮೇಲೂ ನೋವು ನೋವೇ. ಸಾವಾದ ಮನೆಗಾದರೆ ಹತ್ತು ಜನ ಬಂದು ಸಮಾಧಾನ ಹೇಳುತ್ತಾರೆ. ಮನುಷ್ಯ ಎದುರಿಗೇ ಇದ್ದೂ ಕಳೆದುಕೊಂಡಂತಾಗುವ ಈ ದುಃಖಕ್ಕೆ ಯಾರು ಬರುತ್ತಾರೆ, ಹೇಳಿ?

ಇಂಥದ್ದನ್ನು ಅಳೆಯುವುದಾದರೂ ಹೇಗೆ? ಥರ್ಮಾಮೀಟರು ಇಲ್ಲ, ಪ್ರಶ್ನೆಗಳೇ ಅಳತೆಗೋಲು. ಅಮೆರಿಕದ ಸ್ಟೀವನ್ ಝಾರಿಟ್ ಮತ್ತು ಜೊತೆಗಾರರು 1980ರಲ್ಲಿ ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವವರಿಗೆಂದು ಮಾಡಿದ ಪ್ರಶ್ನಾವಳಿಯೊಂದು ಈಗ ಮಿದುಳಿಗೆ ಪೆಟ್ಟಾದವರ ಮನೆಯವರಿಗೂ ಬಳಕೆಯಾಗುತ್ತಿದೆ. ಈಗ ಹೆಚ್ಚು ಬಳಸುವ ರೂಪದಲ್ಲಿ 22 ಪ್ರಶ್ನೆ. ನಿಮಗೆಂದು ಸಮಯ ಸಿಗುತ್ತಿದೆಯೇ, ಆರೋಗ್ಯ ಕೆಟ್ಟಿದೆಯೇ, ಸಿಟ್ಟು ಬರುತ್ತದೆಯೇ ಎಂಬಂಥವು. ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 88. ಅಂಕ ಹೆಚ್ಚಿದಷ್ಟೂ ಭಾರ ಹೆಚ್ಚು. (ಮಕ್ಕಳ ಮಾರ್ಕ್ಸ್‌ಕಾರ್ಡಿಗೆ ತೀರಾ ಉಲ್ಟಾ!)

ಮಿಷಿಗನ್ ವಿಶ್ವವಿದ್ಯಾನಿಲಯದ ನೋಯೆಲ್ ಕಾರ್ಲೋಝಿ ತಂಡ 2019ರಲ್ಲಿ ಪ್ರಕಟಿಸಿದ ಅಳತೆಯಂತೂ ಮಿದುಳಿಗೆ ಪೆಟ್ಟಾದವರ ಆರೈಕೆ ಮಾಡುವವರಿಗೆಂದೇ ಮಾಡಿದ್ದು. ಅದರಲ್ಲಿ ನಷ್ಟಕ್ಕೇ ಎರಡು ಭಾಗ: ಅವರಲ್ಲಿ ಕಳೆದುಹೋದದ್ದು ಒಂದು, ನನ್ನ ಬಾಳಿನಲ್ಲಿ ಕಳೆದುಹೋದದ್ದು ಇನ್ನೊಂದು. ಎರಡನೆಯದನ್ನು ನಮ್ಮ ಹೆಂಗಸರು ತಮ್ಮನ್ನು ತಾವೇ ಕೇಳಿಕೊಳ್ಳಲೂ ಅಂಜುತ್ತಾರೆ. ಸೇವೆಗೆ ಲೆಕ್ಕವಿಡುವುದೇ ಅಂತ! ಯಾಕಿಡಬಾರದು? ಹಾಲಿನ ಲೆಕ್ಕ ಬರೆಯುವ ನಾವು ನಮ್ಮ ನಿದ್ದೆಯ ಲೆಕ್ಕ ಬರೆಯಬಾರದೇ?

ಗೋಡೆಯ ಕ್ಯಾಲೆಂಡರ್ ಸಾಕು. ರಾತ್ರಿ ಎಷ್ಟು ಗಂಟೆ ಮಲಗಿದಿರಿ, ಬೆನ್ನು ನೋವಿತ್ತೇ, ನಿಮ್ಮ ಬದಲು ಯಾರಾದರೂ ಒಂದು ತಾಸು ಕೂತರೇ ಎಂದು ದಿನಾ ಎರಡು ಅಕ್ಷರ ಗೀಚಿಡಿ. ಮುಂದಿನ ಸಲ ಅವರನ್ನು ತೋರಿಸಲು ಹೋದಾಗ ಆ ಹಾಳೆಯನ್ನೂ ಡಾಕ್ಟರ ಮೇಜಿನ ಮೇಲಿಡಿ. ಮೈದುನನಿಗೋ ನಾದಿನಿಗೋ "ಭಾನುವಾರ ಬಂದು ಕೂತ್ಕೊಳ್ಳಿ" ಅನ್ನಲೂ ಅದು ಒದಗುತ್ತದೆ. ಸಿಟ್ಟು ಕೈ ಎತ್ತುವ ಮಟ್ಟಕ್ಕೆ ಹೋದರಂತೂ ಮಾನಕ್ಕಂಜಿ ಮುಚ್ಚಿಡಬೇಡಿ; ಅದಕ್ಕೂ ಚಿಕಿತ್ಸೆ ಇದೆ.

ತೀರಾ ಸಾಕಾಯಿತು ಅನ್ನಿಸಿದಾಗ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರೋಗಿಯ ವಿಚಾರಕ್ಕೇ ಆಗಬೇಕೆಂದಿಲ್ಲ, ನಿಮ್ಮದೇ ವಿಚಾರಕ್ಕೂ ಮಾಡಬಹುದು.