ಹಲಗಲಿಯಿಂದ ಹಿಂಡಲಗಾವರೆಗೆ: ನೇಣಿಗೆ ತಡೆ ಬಂದ ಬಗೆ

ಮರಣದಂಡನೆಯ ಜಾರಿಯನ್ನು ತಡೆಹಿಡಿದು, ಅದನ್ನು ವಿಧಿಸುವ ಕ್ರಮದಲ್ಲಿರುವ ಅನ್ಯಾಯವನ್ನು ಮೊದಲು ಸರಿಪಡಿಸಬೇಕೆಂಬ ವಿಚಾರ ಭಾರತದಲ್ಲಿ ಯಾವುದೋ ಒಂದು ಕಾಯ್ದೆಯಿಂದ ಹುಟ್ಟಿದ್ದಲ್ಲ; ಅದು ತೀರ್ಪಿನಿಂದ ತೀರ್ಪಿಗೆ ಬೆಳೆದುಬಂದಿದೆ, ಆ ಬೆಳವಣಿಗೆಯಲ್ಲಿ ಕರ್ನಾಟಕದ ಪ್ರಕರಣಗಳ ಪಾಲು ದೊಡ್ಡದು.

ತಡೆಯೇ ಇಲ್ಲದ ಕಾಲ ಹೇಗಿತ್ತೆಂಬುದಕ್ಕೆ ಬಾಗಲಕೋಟೆ ಜಿಲ್ಲೆಯ ಹಲಗಲಿ ಸಾಕ್ಷಿಯಾಗಿದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ಮಣಿದು ಆಯುಧ ಒಪ್ಪಿಸಲು ನಿರಾಕರಿಸಿದ ಬೇಡರ ಮೇಲೆ ಬ್ರಿಟಿಷ್ ಪಡೆ ನವೆಂಬರ್ ಕೊನೆಯಲ್ಲಿ ಎರಗಿ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ ಅರ್ಧ ಕಳೆಯುವಷ್ಟರಲ್ಲಿ ಸೆರೆಸಿಕ್ಕವರಲ್ಲಿ 19 ಮಂದಿ ಗಲ್ಲಿಗೇರಿದ್ದರು.

ಇಂದು ಅದೇ ಜಿಲ್ಲೆಯ ಬಾದಾಮಿ, ಹುನಗುಂದ ಅಥವಾ ಇಳಕಲ್ಲಿನ ಕೊಲೆ ಪ್ರಕರಣವೊಂದರಲ್ಲಿ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದರೂ ಧಾರವಾಡದ ಹೈಕೋರ್ಟ್ ಪೀಠ ದೃಢೀಕರಿಸದೆ ಅದು ಜಾರಿಯಾಗುವಂತಿಲ್ಲ. ಆಮೇಲೂ ಸುಪ್ರೀಂ ಕೋರ್ಟಿನ ಮೇಲ್ಮನವಿ, ಮರುಪರಿಶೀಲನೆ, ರಾಜ್ಯಪಾಲರಿಗೂ ರಾಷ್ಟ್ರಪತಿಗಳಿಗೂ ಸಲ್ಲಿಸುವ ಕ್ಷಮಾದಾನದ ಅರ್ಜಿ ಉಳಿದಿರುತ್ತವೆ. ಗಲ್ಲುಗಂಬವಿರುವ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ 1983ರ ನಂತರ ಯಾರನ್ನೂ ನೇಣಿಗೇರಿಸಿಲ್ಲ.

ಆದರೆ ಹಂತಗಳು ಹೆಚ್ಚಿದ ಮಾತ್ರಕ್ಕೆ ನ್ಯಾಯ ಹೆಚ್ಚಲಿಲ್ಲ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ಜೀವಾವಧಿಯೇ ನಿಯಮ, ಮರಣದಂಡನೆ 'ಅಪರೂಪದಲ್ಲೇ ಅಪರೂಪದ' ಪ್ರಕರಣಕ್ಕೆ ಮಾತ್ರ ಎಂದಿತು. ಆ ಅಪರೂಪವನ್ನು ಅಳೆಯುವ ಕೋಲು ಒಬ್ಬೊಬ್ಬ ನ್ಯಾಯಮೂರ್ತಿಯ ಕೈಯಲ್ಲಿ ಒಂದೊಂದು ಬಗೆಯಾಯಿತೆಂಬುದು ಕರ್ನಾಟಕದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಬಯಲಾಯಿತು: ಶಿಕ್ಷೆಯ ಬಗ್ಗೆ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡಲಿಲ್ಲ, 2008ರಲ್ಲಿ ಮೂವರ ಪೀಠ ಈ ಅಸಮಾನತೆಯನ್ನು ಒಪ್ಪಿಕೊಂಡು, ಬಿಡುಗಡೆಯಿಲ್ಲದ ಆಜೀವ ಸೆರೆವಾಸವನ್ನು ನೇಣಿಗೆ ಪರ್ಯಾಯವಾಗಿ ಮುಂದಿಟ್ಟಿತು.

ಹಿಂಡಲಗಾದ ಕತೆ ಇನ್ನೂ ಕಠೋರವಾದುದು. ಅಲ್ಲಿ ಸೆರೆಯಲ್ಲಿದ್ದ, 1993ರ ಪಾಲಾರ್ ಸ್ಫೋಟದ ನಾಲ್ವರು ಅಪರಾಧಿಗಳ ಕ್ಷಮಾದಾನದ ಅರ್ಜಿಗಳು ವರ್ಷಗಟ್ಟಲೆ ಕೊಳೆತು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾದಾಗ ಸುಪ್ರೀಂ ಕೋರ್ಟ್ ನೇಣಿಗೆ ತಡೆಯಾಜ್ಞೆ ನೀಡಿತು. 2014ರ ಜನವರಿ 21ರಂದು, ಕಾರಣವಿಲ್ಲದ ದೀರ್ಘ ವಿಳಂಬವೂ ಹಿಂಸೆಯೇ ಎಂದು ಅವರೂ ಸೇರಿದಂತೆ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. 2022ರ ನವೆಂಬರಿನಲ್ಲಿ ಅದೇ ಜೈಲಿನ ಮತ್ತೊಬ್ಬ ಕೈದಿಯ ಶಿಕ್ಷೆಯೂ ಇಳಿಯಿತು. ಕಾನೂನು ಅನುಮತಿಸದಿದ್ದರೂ ಅವನನ್ನು ಸುಮಾರು 10 ವರ್ಷ ಏಕಾಂತ ಕೋಣೆಯಲ್ಲಿ ಕೂಡಿಹಾಕಲಾಗಿತ್ತು. ಘೋರ ಅಪರಾಧ ಎಸಗಿದವನ ಮೇಲೂ ಪ್ರಭುತ್ವ ಇಂಥ ಕಾನೂನುಬಾಹಿರ ಕ್ರೌರ್ಯ ನಡೆಸಲಾಗದು.

ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಸುಪ್ರೀಂ ಕೋರ್ಟಿನ ಮನೋಜ್ ತೀರ್ಪು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ಅಪರಾಧಿಯ ವಯಸ್ಸು, ಬಾಲ್ಯ, ಓದು, ದುಡಿಮೆ, ಮನೋಸ್ಥಿತಿ ಮತ್ತು ಜೈಲಿನ ನಡತೆಯ ವರದಿ ತರಿಸಿಕೊಳ್ಳಬೇಕೆಂದು ವಿಧಿಸಿತು. ಇಳಕಲ್ಲಿನ ನೇಕಾರನೊಬ್ಬ ಕಟಕಟೆಯಲ್ಲಿ ನಿಂತರೆ, ಅವನು ಶಾಲೆ ಬಿಟ್ಟು ಮಗ್ಗಕ್ಕೆ ಕೂತದ್ದು ಯಾವ ವಯಸ್ಸಿನಲ್ಲಿ, ಚಿಕಿತ್ಸೆ ಸಿಗದ ಮನೋವ್ಯಾಧಿಯೇನಾದರೂ ಇತ್ತೇ ಎಂಬುದನ್ನು ಮನೆತನಕ ಹೋಗಿ ವಿಚಾರಿಸಿ ಬರೆಯುವವರು ಬೇಕು. ಬಡವನ ವಕೀಲರಿಗೆ ಅಷ್ಟು ಸಮಯವೂ ಹಣವೂ ಎಲ್ಲಿಂದ ಬರಬೇಕು?

ವ್ಯವಸ್ಥೆಯ ದೋಷ ಕಂಡಾಗ ಜಾರಿಯನ್ನೇ ತಡೆಹಿಡಿದ ಉದಾಹರಣೆ ಬೇರೆಡೆ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1977ರಿಂದ 12 ಮಂದಿಯ ಮರಣದಂಡನೆ ಜಾರಿಯಾದರೆ, ಅದೇ ಶಿಕ್ಷೆಗೊಳಗಾಗಿದ್ದ 13 ಮಂದಿ ದೋಷಮುಕ್ತರಾದುದನ್ನು ಕಂಡ ಗವರ್ನರ್ ಜಾರ್ಜ್ ರಯಾನ್ 2000ದಲ್ಲಿ ಜಾರಿಯನ್ನೇ ನಿಲ್ಲಿಸಿದರು; 2011ರಲ್ಲಿ ಆ ರಾಜ್ಯ ಮರಣದಂಡನೆಯನ್ನು ರದ್ದುಪಡಿಸಿತು. ಭಾರತವಾದರೋ 2007ರಲ್ಲಿ ಇಂಥ ತಡೆಗೆ ಕರೆನೀಡಿದ ವಿಶ್ವಸಂಸ್ಥೆಯ ನಿರ್ಣಯದ ವಿರುದ್ಧ ಮತ ಹಾಕಿತು. ಭಯೋತ್ಪಾದನೆಯ ಪ್ರಕರಣಗಳ ಹೊರತು ಈ ಶಿಕ್ಷೆ ಬೇಡವೆಂದು 2015ರಲ್ಲಿ ಕಾನೂನು ಆಯೋಗ ಮಾಡಿದ ಶಿಫಾರಸು ಕಾಯ್ದೆಯಾಗಲಿಲ್ಲ. ಪ್ರತಿ ಜಿಲ್ಲಾ ನ್ಯಾಯಾಲಯದಲ್ಲೂ ಮನೋಜ್ ತೀರ್ಪು ಕೇಳಿದಂಥ ವರದಿ ಸಿದ್ಧಪಡಿಸುವ ವ್ಯವಸ್ಥೆ ಬರುವವರೆಗಾದರೂ ಗಲ್ಲಿನ ಜಾರಿಯನ್ನು ಸರ್ಕಾರ ಅಧಿಕೃತವಾಗಿ ತಡೆಹಿಡಿಯಬೇಕು.