ಕೃತಕ ಕೀಲಿನ ಸವೆತ ಮತ್ತು ಶರೀರದ ಪ್ರತಿಕ್ರಿಯೆ

ಹೈದರಾಬಾದಿನಲ್ಲಿ 1973ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಉದ್ಯಮ ಮಿಶ್ರ ಧಾತು ನಿಗಮವು ವಿಮಾನ, ಕ್ಷಿಪಣಿಗಳಿಗೆ ಬೇಕಾಗುವ ಲೋಹಗಳೊಂದಿಗೆ ಶರೀರದೊಳಗೆ ಅಳವಡಿಸಲು ಯೋಗ್ಯವಾದ ಟೈಟಾನಿಯಂ ಮಿಶ್ರಲೋಹವನ್ನೂ ತಯಾರಿಸುತ್ತದೆ. ಟೈಟಾನಿಯಂಗೆ ತುಕ್ಕು ಹಿಡಿಯದು. ಮೂಳೆಯು ಅದಕ್ಕೆ ಅಂಟಿ ಬೆಳೆಯುತ್ತದೆ. ಆದುದರಿಂದ ಸೊಂಟದ ಕೃತಕ ಕೀಲಿನಲ್ಲಿ ಮೂಳೆಯೊಳಗೆ ಕೂರುವ ಕಾಂಡಕ್ಕೆ ಅದು ಉತ್ತಮ. ಆದರೆ ಉಜ್ಜಿದಾಗ ಬೇಗ ಸವೆಯುವುದರಿಂದ ಕೀಲಿನ ಗುಂಡಿಗೆ ಅದನ್ನು ಬಳಸುವುದಿಲ್ಲ. ಗುಂಡನ್ನು ಕೋಬಾಲ್ಟ್-ಕ್ರೋಮಿಯಂ ಅಥವಾ ಸಿರಾಮಿಕ್‌ನಿಂದಲೂ, ಬಟ್ಟಲಿನ ಒಳಪದರವನ್ನು ಸಾಮಾನ್ಯವಾಗಿ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನಿಂದಲೂ ಮಾಡುತ್ತಾರೆ.

ಹಾಗಿದ್ದರೂ ಸವೆತ ಪೂರ್ಣವಾಗಿ ತಪ್ಪದು. ಒಂದು ಕೀಲು ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆಗಳ ಭಾರ ಹೊರುತ್ತದೆ. ಪ್ರತಿ ಹೆಜ್ಜೆಗೂ ಕಣ್ಣಿಗೆ ಕಾಣದ ಕಣಗಳು ಉದುರುತ್ತವೆ. ಇವುಗಳಲ್ಲಿ ಹೆಚ್ಚು ಉಪದ್ರವಕಾರಿಯಾದವು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು.

ಇಡಿಯಾದ ಕೀಲನ್ನು ಸಹಿಸಿಕೊಳ್ಳುವ ಶರೀರವು ಅದರ ಧೂಳನ್ನು ಸಹಿಸದು. ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳು ಈ ಕಣಗಳನ್ನೂ ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಕೆರಳಿದ ಕೋಶಗಳು ಸ್ರವಿಸುವ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಪ್ರಚೋದಿಸುತ್ತವೆ. ಹೀಗೆ ಸೋಂಕಿಲ್ಲದೆಯೇ ಕೀಲಿನ ಸುತ್ತಲಿನ ಮೂಳೆ ಕ್ಷಯಿಸಿ, ಕೀಲು ಸಡಿಲವಾಗುತ್ತದೆ. ಮೂಳೆ ಬಹಳಷ್ಟು ನಷ್ಟವಾದ ಮೇಲೆ ಮರುಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ.

ಈ ಅಪಾಯವನ್ನು ಮೊದಲೇ ಮನಗಂಡವರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಒಬ್ಬರು. ಅವರು ಮೊದಲು ಬಳಸಿದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದವು. ಚಾರ್ನ್‌ಲಿಯವರು ಟೆಫ್ಲಾನ್ ಮತ್ತು ಪಾಲಿಎಥಿಲೀನ್ ಪುಡಿಯನ್ನು ತಮ್ಮದೇ ತೊಡೆಯೊಳಗೆ ಸೇರಿಸಿಕೊಂಡು ಪರೀಕ್ಷಿಸಿದರು. ಟೆಫ್ಲಾನ್ ಇದ್ದಲ್ಲಿ ಗಂಟು ಕಟ್ಟಿತು. 1962ರಿಂದ ಅವರು ಪಾಲಿಎಥಿಲೀನ್ ಬಳಸತೊಡಗಿದರು. 1990ರ ದಶಕದ ಕೊನೆಯಿಂದ, ವಿಕಿರಣದಿಂದ ಗಟ್ಟಿಗೊಳಿಸಿದ ಪಾಲಿಎಥಿಲೀನ್ ಬಂದು ಸವೆತ ಬಹುಮಟ್ಟಿಗೆ ತಗ್ಗಿದೆ.

ಗುಂಡು, ಬಟ್ಟಲು ಎರಡೂ ಲೋಹದವಾದ ಕೀಲುಗಳಲ್ಲಿ ತೊಂದರೆ ಬೇರೆ ಬಗೆಯದು. ಕೋಬಾಲ್ಟ್, ಕ್ರೋಮಿಯಂ ಅಂಶಗಳು ರಕ್ತಕ್ಕೂ ಸೇರುತ್ತವೆ. ಸುತ್ತಲಿನ ಮಾಂಸಖಂಡದಲ್ಲಿ ಗೆಡ್ಡೆಯಂತಹ ಊತ ಉಂಟಾಗಬಹುದು. ಎ.ಎಸ್.ಆರ್. ಎಂಬ ಇಂತಹ ಕೀಲನ್ನು 2010ರಲ್ಲಿ ತಯಾರಕರು ಜಗತ್ತಿನಾದ್ಯಂತ ಹಿಂಪಡೆದರು. ಭಾರತದಲ್ಲಿಯೂ ಸಾವಿರಾರು ಜನರಿಗೆ ಅದನ್ನು ಅಳವಡಿಸಲಾಗಿತ್ತು. ಈ ಕುರಿತು ಪರಿಶೀಲಿಸಲು ಕೇಂದ್ರ ಆರೋಗ್ಯ ಸಚಿವಾಲಯವು 2017ರಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು.

ಮೂಳೆಯ ಕ್ಷಯ ಬಹುಕಾಲ ನೋವಿಲ್ಲದೆಯೇ ಸಾಗಬಲ್ಲದು ಎಂಬುದು ಮುಖ್ಯವಾಗಿ ಗಮನಿಸಬೇಕಾದ ಸಂಗತಿ. ಆದುದರಿಂದ ಕೃತಕ ಕೀಲು ಹೊಂದಿದವರು ಆರೋಗ್ಯವಾಗಿದ್ದಾಗಲೂ ವೈದ್ಯರು ಸೂಚಿಸಿದ ಅವಧಿಗೆ ಎಕ್ಸ್-ರೇ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ತೊಡೆಸಂದಿನಲ್ಲಿ ಹೊಸ ನೋವು, ಊತ ಅಥವಾ ಕುಂಟುನಡೆ ಕಂಡರೆ ತಡಮಾಡಬಾರದು. ಕೀಲಿನ ಹೆಸರು, ಕ್ರಮಸಂಖ್ಯೆಗಳಿರುವ ಆಸ್ಪತ್ರೆಯ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸಲು 2015ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಗಿದ್ದು, ರೋಗಿಗಳೂ ಅದಕ್ಕೆ ವರದಿ ಸಲ್ಲಿಸಬಹುದಾಗಿದೆ.