ಹಿಮ್ಮಡಿ ಕೆಳಗಿನ ಎರಡು ಸೆಂಟಿಮೀಟರ್

ಮೊದಲ ಸಲ ಹೆಗಲ ಮೇಲೆ ಬಾರ್ ಹೊತ್ತು ಸ್ಕ್ವಾಟ್ ಮಾಡಲು ನಿಂತಾಗ ನನ್ನ ಕಾಲಲ್ಲಿದ್ದದ್ದು ಓಟಕ್ಕೆಂದು ಕೊಂಡಿದ್ದ ಶೂ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತನೆಯ ಅಟ್ಟೆ. ಅರ್ಧ ಇಳಿಯುವಷ್ಟರಲ್ಲಿ ಪಾದ ಒಳಕ್ಕೆ ವಾಲಿತು, ಹಿಮ್ಮಡಿ ಮೇಲೆದ್ದಿತು, ಎದೆ ಮುಂದಕ್ಕೆ ಬಾಗಿ ಬಾರ್ ಕುತ್ತಿಗೆಯತ್ತ ಜಾರಿತು. ಜಿಮ್ಮಿನ ಮಾಸ್ಟರು ಓಡಿ ಬಂದು ಬಾರ್ ಹಿಡಿದರು.

“ಶೂ ಬಿಚ್ಚಿಬಿಡಿ ಸರ್” ಅಂದರು. ಬಿಚ್ಚಿದೆ. ಎರಡೂವರೆ ಕೆಜಿಯ ಎರಡು ಪ್ಲೇಟು ತಂದು ನೆಲಕ್ಕಿಟ್ಟು, “ಹಿಮ್ಮಡಿ ಇದರ ಮೇಲಿಡಿ” ಅಂದರು. ಅದೇ ತೂಕ, ಅದೇ ಕಾಲು. ಆದರೆ ಈ ಸಲ ಬೆನ್ನು ನೆಟ್ಟಗೆ ನಿಂತಿತು, ಸೊಂಟ ಸಲೀಸಾಗಿ ಕೆಳಗಿಳಿಯಿತು. ಆಮೇಲೆ ಡೆಡ್‌ಲಿಫ್ಟ್ ಸರದಿ ಬಂದಾಗ ಅವರೇ ಆ ಪ್ಲೇಟುಗಳನ್ನು ಪಕ್ಕಕ್ಕೆ ಸರಿಸಿದರು. “ಇದಕ್ಕೆ ಬರಿಗಾಲೇ ಸರಿ.”

ಒಂದೇ ಸಂಜೆ, ಒಂದೇ ಜೋಡಿ ಕಾಲು, ಎರಡು ಉತ್ತರ. ಇವು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ನೂರು ವರ್ಷದ ಕತೆ. ಅದು ಯಾವನೋ ಒಬ್ಬ ಸಂಶೋಧಕನದ್ದಲ್ಲ. ಭಾರ ಹೊತ್ತು ಕೂತು ಎದ್ದವರೆಲ್ಲ ಸೇರಿ, ಕಾಲು ಹೇಳಿದ್ದನ್ನು ಕೇಳುತ್ತ ಕೇಳುತ್ತ ಕಂಡುಕೊಂಡದ್ದು.

ಹಿಮ್ಮಡಿ ನೆಲಕ್ಕಿಳಿದದ್ದು

ನಮ್ಮ ಗರಡಿ ಮನೆಗಳಲ್ಲಿ ಬಸ್ಕಿ ಹೊಡೆಯುವವರನ್ನು ನೋಡಿ. ಬರಿಗಾಲು, ಕೆಂಪು ಮಣ್ಣು. ಕೆಳಗೆ ಹೋದಾಗ ಹಿಮ್ಮಡಿ ಎದ್ದು, ಮೈಭಾರವೆಲ್ಲ ಪಾದದ ಮುಂಭಾಗಕ್ಕೆ ಬರುತ್ತದೆ. ಪಶ್ಚಿಮದ ವ್ಯಾಯಾಮಶಾಲೆಗಳಲ್ಲೂ ಇಪ್ಪತ್ತನೇ ಶತಮಾನದ ಆರಂಭದವರೆಗೆ ಹೆಗಲ ಮೇಲೆ ಭಾರ ಹೊತ್ತು ಕೂರುವುದೆಂದರೆ ಸಾಮಾನ್ಯವಾಗಿ ಹೀಗೆಯೇ, ತುದಿಗಾಲಲ್ಲಿ. ತುದಿಗಾಲಲ್ಲಿ ನೂರು ಸಲ ಕೂತು ಏಳಬಹುದು, ದೊಡ್ಡ ಭಾರ ಹೊರಲು ಆಗದು. ಊರಿಕೊಳ್ಳಲು ಸಿಗುವ ಜಾಗ ಒಂದು ಹಿಡಿಯಷ್ಟು ಮಾತ್ರ.

ಆ ಪದ್ಧತಿಯನ್ನು ಅಮೆರಿಕದಲ್ಲಿ ಮುರಿದವನೆಂದು ಹೆಸರಾದವನು ಜರ್ಮನಿಯ ಹೈನ್‌ರಿಖ್ ಸ್ಟೈನ್‌ಬಾರ್ನ್. ಜನ ಕರೆಯುತ್ತಿದ್ದದ್ದು ಮೈಲೋ ಎಂದು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದ ಬಂಧನ ಶಿಬಿರದಲ್ಲಿದ್ದ. 1921ರಲ್ಲಿ ಅಮೆರಿಕಕ್ಕೆ ಬಂದ. ಬಾರ್ ಇಡಲು ಅವನಿಗೆ ಸ್ಟ್ಯಾಂಡು ಬೇಕಿರಲಿಲ್ಲ. ಭಾರ ತುಂಬಿದ ಬಾರನ್ನು ಒನಕೆಯಂತೆ ನೆಟ್ಟಗೆ ನಿಲ್ಲಿಸುತ್ತಿದ್ದ, ಅದರ ಪಕ್ಕ ತಗ್ಗಿ ಹೆಗಲು ಕೊಡುತ್ತಿದ್ದ, ಬಾರ್ ತನ್ನ ಬೆನ್ನ ಮೇಲೆ ವಾಲಿ ಅಡ್ಡ ಬೀಳುವಂತೆ ಮಾಡಿಕೊಳ್ಳುತ್ತಿದ್ದ. ಪೂರ್ತಿ ಕೂತ ಭಂಗಿಯಲ್ಲೇ ಭಾರ ಹೊತ್ತು ಎದ್ದು ನಿಲ್ಲುತ್ತಿದ್ದ. ತುದಿಗಾಲಲ್ಲಿ ಇದು ಆಗುವ ಮಾತೇ ಅಲ್ಲ. ಸ್ಟೈನ್‌ಬಾರ್ನ್‌ನ ಪಾದ ಹಿಮ್ಮಡಿ ಸಮೇತ ನೆಲಕ್ಕಂಟಿರುತ್ತಿತ್ತು. ಅವನು ಹೊರುವ ಭಾರ ಕಂಡವರು ತಮ್ಮ ಹಿಮ್ಮಡಿಯನ್ನೂ ಕೆಳಗಿಳಿಸಿದರು. ಪೂರ್ತಿ ಪಾದ ಊರಿದರೆ ಕಾಲಿಗೆ ಎಷ್ಟು ಬಲವಿದೆ ಎಂಬುದು ಆಗ ತಿಳಿಯಿತು.

ಹರಡು ಅಡ್ಡ ಬಂದದ್ದು

ಹಿಮ್ಮಡಿ ನೆಲಕ್ಕಿಳಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಪಾದ ಪೂರ್ತಿ ಊರಿಕೊಂಡು ಆಳಕ್ಕೆ ಕೂರಬೇಕಾದರೆ ಮಂಡಿ ಕಾಲ್ಬೆರಳನ್ನು ದಾಟಿ ಮುಂದೆ ಹೋಗಬೇಕು. ಅದಕ್ಕೆ ಹರಡು, ಅಂದರೆ ಪಾದವೂ ಕಣಕಾಲೂ ಸೇರುವ ಕೀಲು, ಚೆನ್ನಾಗಿ ಬಾಗಬೇಕು. ಬಾಗದಿದ್ದರೆ ದೇಹಕ್ಕೆ ಉಳಿಯುವುದು ಎರಡೇ ದಾರಿ: ಒಂದೋ ಹಿಮ್ಮಡಿ ಏಳುತ್ತದೆ, ಇಲ್ಲವೋ ಎದೆ ಮುಂದಕ್ಕೆ ಬಾಗುತ್ತದೆ.

ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. ಈಗಲೂ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ಬೆಳಗುತ್ತಾರೆ. ಹಿಮ್ಮಡಿ ಕೂದಲೆಳೆಯಷ್ಟೂ ಏಳುವುದಿಲ್ಲ. ಬಾಲ್ಯದಿಂದ ನೆಲದ ಮೇಲೆ ಬದುಕಿದ ಹರಡು ಅದು. ನನ್ನದು ಬೆಂಚು, ಕುರ್ಚಿ, ಬೈಕಿನ ಮೇಲೆ ಬೆಳೆದದ್ದು. ಮಾಸ್ಟರು ಇಟ್ಟ ಪ್ಲೇಟು ತುಂಬಿಕೊಟ್ಟದ್ದು ಈ ಕೊರತೆಯನ್ನೇ.

ಶೂ ಹುಟ್ಟಿದ್ದು

ವೇಟ್‌ಲಿಫ್ಟಿಂಗ್ ಸ್ಪರ್ಧೆಯ ಅಂಗಳದಲ್ಲಿ ಹಿಮ್ಮಡಿಯ ಪ್ರಶ್ನೆ ತೀವ್ರವಾದದ್ದು ಸ್ನ್ಯಾಚ್‌ನಿಂದ. ನೆಲದಲ್ಲಿರುವ ಬಾರನ್ನು ಒಂದೇ ಎಳೆತಕ್ಕೆ ತಲೆ ಮೇಲಕ್ಕೆ ಒಯ್ಯುವ ಲಿಫ್ಟ್ ಅದು. ಬಾರ್ ಮೇಲೇರುವಾಗ ಅದರ ಕೆಳಗೆ ನುಸುಳಲು ಎರಡು ರೀತಿ ಇದ್ದವು. ಹಳೆಯದು ಸ್ಪ್ಲಿಟ್: ಒಂದು ಕಾಲು ಮುಂದೆ, ಇನ್ನೊಂದು ಹಿಂದೆ. ಹಿಂದಿನ ಕಾಲು ತುದಿಬೆರಳ ಮೇಲೆ ನಿಲ್ಲುವುದರಿಂದ ಶೂ ಬಾಗಬೇಕಿತ್ತು. ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದ ಅಮೆರಿಕದ ನಾರ್ಬರ್ಟ್ ಶೆಮಾನ್‌ಸ್ಕಿ ಈ ಶೈಲಿಯವನು. ಇನ್ನೊಂದು ರೀತಿ, ಎರಡೂ ಪಾದ ಊರಿ ಕುಕ್ಕರಿಸುವ ಸ್ಕ್ವಾಟ್ ಶೈಲಿ. 1952ರ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಪೀಟ್ ಜಾರ್ಜ್ ಇದರಲ್ಲಿ ಪಳಗಿದವನು.

1960ರ ದಶಕದಲ್ಲಿ ಬಾರ್ ತೊಡೆಗೆ ಸವರಿಕೊಂಡು ಮೇಲೇರಬಹುದು ಎಂದು ನಿಯಮ ಸಡಿಲವಾಯಿತು. ಬಾರ್ ಮೈಗೆ ಹತ್ತಿರವೇ ಏರತೊಡಗಿದಾಗ ಅದರ ಕೆಳಗೆ ನೇರ ಕುಸಿದು ಕೂರುವವರಿಗೆ ಅನುಕೂಲವಾಯಿತು, ಸ್ಪ್ಲಿಟ್ ಶೈಲಿ ಹಿಂದೆ ಸರಿಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್ ಬಳಿಕ ನಿಂತಲ್ಲೇ ಎತ್ತುವ ಪ್ರೆಸ್ ಕೂಡ ಸ್ಪರ್ಧೆಯಿಂದ ಹೋಯಿತು. ಉಳಿದದ್ದು ಸ್ನ್ಯಾಚ್, ಮತ್ತು ಬಾರನ್ನು ಮೊದಲು ಹೆಗಲಿಗೆ, ಅಲ್ಲಿಂದ ತಲೆ ಮೇಲಕ್ಕೆ ಒಯ್ಯುವ ಕ್ಲೀನ್ ಅಂಡ್ ಜರ್ಕ್. ಎರಡರಲ್ಲೂ ಆಳದ ಕೂತಭಂಗಿಯೇ ಜೀವಾಳ. ತಲೆ ಮೇಲೆ ನೂರೈವತ್ತು ಕೆಜಿ ಹಿಡಿದು ಕೂತಾಗ ಎದೆ ಒಂದಿಷ್ಟು ಮುಂದೆ ಬಾಗಿದರೂ ಬಾರ್ ಕೈಬಿಟ್ಟು ಹೋಗುತ್ತದೆ. ಹೀಗೆ ಎತ್ತರದ, ಗಟ್ಟಿ ಹಿಮ್ಮಡಿಯ ಶೂ ಈ ಆಟದ ಉಪಕರಣವೇ ಆಯಿತು. ಮೊದಲಿಗೆ ಮರ, ತೊಗಲಿನ ಹಿಮ್ಮಡಿ. ಈಗ ಗಟ್ಟಿ ಪ್ಲಾಸ್ಟಿಕ್‌ನದೂ ಬಂದಿದೆ.

ಆ ಶೂವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಕಂಡದ್ದಕ್ಕಿಂತ ಭಾರ. ಹಿಮ್ಮಡಿಯನ್ನು ಮೇಜಿಗೆ ತಟ್ಟಿದರೆ ಮರದ ಸದ್ದು. ಲೇಸಿನ ಮೇಲೊಂದು ಅಗಲದ ಪಟ್ಟಿ, ಪಾದ ಒಳಗೆ ಜಾರದಂತೆ ಬಿಗಿಯಲು. ಹಿಮ್ಮಡಿ ಮುಂಗಾಲಿಗಿಂತ ಸುಮಾರು 2 ಸೆಂ.ಮೀ. ಎತ್ತರ. ಹಿಮ್ಮಡಿಯಿಂದ ಬೆರಳಿನ ಬುಡಕ್ಕೆ ಸುಮಾರು 20 ಸೆಂ.ಮೀ. ಎಂದುಕೊಂಡರೆ ಪಾದ 6 ಡಿಗ್ರಿಯಷ್ಟು ಇಳಿಜಾರಾಗುತ್ತದೆ. ಅಷ್ಟು ಡಿಗ್ರಿ ಹರಡು ಬಾಗುವುದು ಉಳಿಯಿತು, ಅಷ್ಟರ ಮಟ್ಟಿಗೆ ಮಂಡಿ ಮುಂದೆ ಹೋಯಿತು, ಬೆನ್ನು ನೆಟ್ಟಗಾಯಿತು. ವೇಟ್‌ಲಿಫ್ಟಿಂಗ್ ಶೂವನ್ನೂ ಓಟದ ಶೂವನ್ನೂ ಹೋಲಿಸಿ 2012ರಲ್ಲಿ ಪ್ರಕಟವಾದ ಸಾಟೊ ಮತ್ತು ಸಂಗಡಿಗರ ಅಧ್ಯಯನ ಇದನ್ನೇ ಅಳೆದು ತೋರಿಸಿತು: ಈ ಶೂ ತೊಟ್ಟವರ ಮೈ ಮುಂದಕ್ಕೆ ಬಾಗುವುದು ಕಡಿಮೆ. ಜಿಮ್ಮುಗಳಲ್ಲಿ ಹಿಮ್ಮಡಿ ಕೆಳಗೆ ಹಲಗೆ, ಪ್ಲೇಟು ಇಟ್ಟುಕೊಳ್ಳುವವರ ಕಾಲಿಗೆ ಇದು ಮೊದಲೇ ಗೊತ್ತಿತ್ತು.

ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಶೂ ಕಡ್ಡಾಯ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 61 ಕೆಜಿ ವಿಭಾಗದಲ್ಲಿ ಒಟ್ಟು 269 ಕೆಜಿ ಎತ್ತಿ ಕಂಚು ಗೆದ್ದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 151 ಕೆಜಿ, ವಿಭಾಗದ ಮಿತಿಯ ಎರಡೂವರೆ ಪಟ್ಟಿಗೆ ಸಮೀಪ. ಅಷ್ಟೂ ಭಾರ ನೆಲ ಸೇರುವ ದಾರಿ ಎರಡು ಅಟ್ಟೆಗಳು ಮಾತ್ರ.

ಮತ್ತೆ ಬರಿಗಾಲಿಗೆ

ಹಾಗಿದ್ದರೆ ಡೆಡ್‌ಲಿಫ್ಟ್‌ಗೆ ಏಕೆ ಬೇರೆ ಉತ್ತರ? ಇಲ್ಲಿ ಬಾರ್ ನೆಲದಲ್ಲೇ ಇದೆ. ಅದನ್ನು ಹಿಡಿದು ನೆಟ್ಟಗೆ ನಿಂತರೆ ಮುಗಿಯಿತು. ಆಳಕ್ಕೆ ಕೂರುವ ಪ್ರಶ್ನೆಯೇ ಇಲ್ಲ, ಹಾಗಾಗಿ ಹಿಮ್ಮಡಿ ಎತ್ತರಿಸಿ ಲಾಭವಿಲ್ಲ. ಬದಲಿಗೆ ನಷ್ಟವುಂಟು. ಪಾದದ ಕೆಳಗೆ ದಪ್ಪ ಅಟ್ಟೆ ಇದ್ದಷ್ಟೂ ನಾವು ಎತ್ತರ ನಿಲ್ಲುತ್ತೇವೆ, ಬಾರ್ ಅಷ್ಟು ಹೆಚ್ಚು ದೂರ ಏರಬೇಕು. ಇಳಿಜಾರು ಅಟ್ಟೆ ಮೈಯನ್ನು ಬೆರಳಿನತ್ತ ತಳ್ಳುತ್ತದೆ, ಎಳೆತಕ್ಕೆ ಬೇಕಾದದ್ದು ಹಿಮ್ಮಡಿಯಿಂದ ನೆಲ ಒತ್ತುವುದು.

1960ರ ದಶಕದಲ್ಲಿ, ಡೆಡ್‌ಲಿಫ್ಟ್ ಕೂಡ ಸೇರಿದ ಪವರ್‌ಲಿಫ್ಟಿಂಗ್ ಬೇರೆ ಆಟವಾಗಿ ಬೆಳೆದು, 1972ರಲ್ಲಿ ಅದರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ ಮೇಲೆ ಈ ಲೆಕ್ಕ ಸೂಕ್ಷ್ಮವಾಯಿತು. ಒಂದೊಂದು ಸೆಂಟಿಮೀಟರ್ ಉಳಿಸುವವರು ಬ್ಯಾಲೆಗೆ ಹಾಕುವಂಥ ತೆಳು ಚಪ್ಪಲಿಗೆ ಇಳಿದರು. ಬ್ಯಾಸ್ಕೆಟ್‌ಬಾಲ್‌ಗೆಂದು ಹುಟ್ಟಿದ ಚಕ್ ಟೇಲರ್ ಕ್ಯಾನ್ವಾಸ್ ಶೂ, ಅಟ್ಟೆ ಚಪ್ಪಟೆ ಎಂಬ ಒಂದೇ ಕಾರಣಕ್ಕೆ ಅವರಿಗೆ ಪ್ರಿಯವಾಯಿತು. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಬರಿಗಾಲಲ್ಲಿ ವ್ಯಾಯಾಮ ಮಾಡುವ ಚಿತ್ರಗಳು ಇಂದಿಗೂ ಜಿಮ್ಮುಗಳ ಗೋಡೆ ಮೇಲಿವೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಗರಡಿಯ ಮಣ್ಣಿಗೂ ಕಬ್ಬಿಣ ತುಂಬಿದ ಜಿಮ್ಮಿಗೂ ವ್ಯತ್ಯಾಸವಿದೆ. ಬರಿಗಾಲ ಮೇಲೆ ಇಪ್ಪತ್ತು ಕೆಜಿಯ ಪ್ಲೇಟು ಬಿದ್ದರೆ ಬೆರಳು ಉಳಿಯದು. ಶೂ ಬಿಚ್ಚುವುದು ಬಾರಿನ ಮುಂದೆ ನಿಂತಾಗ ಮಾತ್ರ. ಪ್ಲೇಟು ಹೊತ್ತು ಓಡಾಡುವಾಗ ಕಾಲಲ್ಲಿ ಶೂ ಇರಲಿ.

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಬರಿಗಾಲಲ್ಲಿ, ಪಾದ ಪೂರ್ತಿ ಊರಿ, ಕುಕ್ಕರಗಾಲಲ್ಲಿ ಕೂರಿ. ಹಿಮ್ಮಡಿ ಏಳದೆ ಎದೆ ನೆಟ್ಟಗೆ ನಿಂತರೆ ಸ್ಕ್ವಾಟಿಗೆ ಚಪ್ಪಟೆ ಅಟ್ಟೆಯೇ ಸಾಕಾಗಬಹುದು. ಎದ್ದರೆ ಎತ್ತರ ಹಿಮ್ಮಡಿಯ ಶೂ ನೆರವಾದೀತು, ಜೊತೆಗೆ ಹರಡು ಪಳಗಿಸುವ ಕೆಲಸವನ್ನೂ ಬಿಡಬೇಡಿ. ಮೆತ್ತನೆ ಅಟ್ಟೆ ಮಾತ್ರ ಓಟದ ದಾರಿಗೇ ಇರಲಿ.

ನಾನು ಈಗಲೂ ಸಂಜೆ ಹಿತ್ತಿಲಲ್ಲಿ ಅಮ್ಮನ ಪಕ್ಕ ಐದು ನಿಮಿಷ ಹಾಗೆ ಕೂರುತ್ತೇನೆ. ಮೊದಲು ಹಿಮ್ಮಡಿ ಕೆಳಗೆ ಒಂದು ಮಣೆ ಬೇಕಿತ್ತು. ಈಗ ಮಡಚಿದ ಗೋಣಿತಟ್ಟು ಸಾಕು.